"ಒಮ್ಮೆಯೂ ಓಡಿಸಿಲ್ಲ ಸರ್" ಅಂದ ಎಂಜಿನ್‌ಗೆ 21,500 ಕೊಟ್ಟು ಕೂತಿದ್ದೇನೆ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. 11 ವರ್ಷದಿಂದ ಮನೆಯಲ್ಲಿ ಮಾಡೆಲ್ ರೈಲು ಓಡಿಸುತ್ತಿರುವವನು ನಾನು. ಹೊಸಬರು ಯಾರಾದರೂ ಕೇಳಿದರೆ "ಸೆಕೆಂಡ್ ಹ್ಯಾಂಡ್ ಎಂಜಿನ್ ತಗೊಳ್ಳುವಾಗ ಹುಷಾರು ಗುರು" ಅಂತ ದೊಡ್ಡ ಮನುಷ್ಯನ ಥರ ಬುದ್ಧಿ ಹೇಳುವವನೂ ನಾನೇ. ಈಗ ನಾನೇ ಹಳ್ಳಕ್ಕೆ ಬಿದ್ದಿದ್ದೇನೆ. 21,500 ರೂಪಾಯಿ, ಮೇಲೆ ಕೊರಿಯರ್ 650. ದುಡ್ಡು ಹೋಗಿದ್ದಕ್ಕಿಂತ ಮಾರಿದವನು ನನ್ನನ್ನು ವಾರಕ್ಕೂ ಜಾಸ್ತಿ ಆಡಿಸಿದ ರೀತಿ ಇದೆಯಲ್ಲ, ಅದು ಹೊಟ್ಟೆ ಉರಿಸುತ್ತಿದೆ.

ಹೆಸರು ಹಾಕಲ್ಲ. ಕೇಸು ಗೀಸು ಅಂತ ಓಡಾಡೋ ಶಕ್ತಿ ನನಗಿಲ್ಲ. ನಡೆದಿದ್ದನ್ನು ಮಾತ್ರ ಹೇಳುತ್ತೇನೆ.

ನಮ್ಮ ತಾರಸಿ ರೂಮಿನಲ್ಲಿ 10 ಅಡಿ, 5 ಅಡಿಯ ಪ್ಲೈವುಡ್ ಮೇಲೆ ಎಚ್‌ಒ ಲೇಔಟ್ ಇದೆ. ಗೊತ್ತಿಲ್ಲದವರಿಗೆ, ಎಚ್‌ಒ ಅಂದರೆ ನಿಜವಾದ ರೈಲಿನ 87ನೇ ಒಂದು ಭಾಗ, ಹಳಿಗಳ ನಡುವೆ 16.5 ಮಿಲಿಮೀಟರ್. ಒಂದು ಕಡೆ ಸಕಲೇಶಪುರ ಘಾಟಿಯ ಥರ ಗುಡ್ಡ, ಎರಡು ಸುರಂಗ, ಒಂದು ಸೇತುವೆ ಮಾಡಿಕೊಂಡಿದ್ದೇನೆ. ಏರು ಕೂಡ ಅಲ್ಲಿಯದೇ ಲೆಕ್ಕ, 50ಕ್ಕೆ 1. ಮೀಟರಿಗೆ ಎರಡು ಸೆಂಟಿಮೀಟರ್ ಅಂದರೆ ಕೇಳೋಕೆ ಏನೂ ಅಲ್ಲ ಅನಿಸುತ್ತೆ. ಆರು ಗೂಡ್ಸ್ ಬೋಗಿ ಕಟ್ಟಿ ಹತ್ತಿಸಿ ನೋಡಿ, ಎಂಜಿನ್ನಿನ ಯೋಗ್ಯತೆ ಗೊತ್ತಾಗುತ್ತೆ.

ಬಹಳ ದಿನದಿಂದ ಒಂದು ಆಸೆ. ಚಿಕ್ಕಂದಿನಲ್ಲಿ ನೋಡಿದ ಆಲ್ಕೋ ಡೀಸೆಲ್ ಒಂದು ನನ್ನ ಲೇಔಟ್ ಮೇಲೆ ಓಡಬೇಕು. ನಮ್ಮ ರೈಲ್ವೆಯ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ ಹುಟ್ಟಿದ್ದೇ ಅಮೆರಿಕದ ಆಲ್ಕೋ ಕಂಪನಿಯಿಂದ. 1962ರಲ್ಲಿ ಮೊದಲ ಎಂಜಿನ್‌ಗಳು ಅಲ್ಲಿಂದ ಬಂದವು, ಆಮೇಲೆ ವಾರಾಣಸಿಯಲ್ಲಿ ಕಟ್ಟಿದರು. ಹಾಗಾಗಿ ಅಮೆರಿಕದ ಆರು ಆಕ್ಸಲ್‌ನ ಆಲ್ಕೋ ಮಾದರಿ ಒಂದು ಸಿಕ್ಕಿದರೆ ಬಾಡಿ ಸ್ವಲ್ಪ ತಿದ್ದಿ, ಬಣ್ಣ ಬಳಿದು, ಕೃಷ್ಣರಾಜಪುರಂ ಶೆಡ್‌ನ ಎಂಜಿನ್ ಮಾಡಿಕೊಳ್ಳೋಣ ಅಂತ ಲೆಕ್ಕ. ಹೊಸದು ತರಿಸೋಣ ಅಂದರೆ ಕಸ್ಟಮ್ಸ್ ಸೇರಿ ಕೈ ಸುಡುತ್ತೆ. ಆಗ ಕಣ್ಣಿಗೆ ಬಿತ್ತು ಈ ಜಾಹೀರಾತು. "ಒಮ್ಮೆಯೂ ಓಡಿಸಿಲ್ಲ. ಬಾಕ್ಸ್ ಸಮೇತ. ತೀರಿಕೊಂಡ ಹಿರಿಯರೊಬ್ಬರ ಸಂಗ್ರಹ." ಹಸಿರು ಚೌಕಳಿ ಬಟ್ಟೆ ಹಾಸಿದ ಟೇಬಲ್ ಮೇಲೆ ಎಂಜಿನ್ ಇಟ್ಟು ಚೆಂದದ ಆರು ಫೋಟೋ.

ಫೋನ್ ಮಾಡಿದೆ. ಕನ್ನಡದವರೇ. ಮಾತು ಬೆಣ್ಣೆ. ಎಂಜಿನ್ ವಿಷಯ ಬಿಟ್ಟು ಮೊದಲು ನನ್ನ ಲೇಔಟ್ ವಿಚಾರಿಸಿದರು. ಎಷ್ಟು ರೇಡಿಯಸ್ ಕರ್ವ್ ಸರ್, ಡಿಸಿನಾ ಡಿಸಿಸಿನಾ ಸರ್ (ಮಾಮೂಲಿ ಕರೆಂಟಾ, ಡಿಜಿಟಲ್ ಕಂಟ್ರೋಲಾ ಅಂತ), ಹಳಿ ಯಾವುದು ಸರ್. ಇಷ್ಟು ಕೇಳುವವನು ಮೋಸ ಮಾಡುತ್ತಾನಾ ಅಂದುಕೊಂಡೆ. ಅಲ್ಲೇ ನಾನು ಬಿದ್ದಿದ್ದು. ವಿಷಯ ಗೊತ್ತಿರುವವನೇ ಚೆನ್ನಾಗಿ ಮೋಸ ಮಾಡಬಲ್ಲ ಅಂತ ಆಗ ತಲೆಗೆ ಹೊಳೆಯಲಿಲ್ಲ. ವಿಡಿಯೋ ಕೇಳಿದೆ, ತಕ್ಷಣ ಕಳಿಸಿದರು. ಎಂಜಿನ್ ನೆಟ್ಟಗೆ ಓಡುತ್ತೆ, ಹಿನ್ನೆಲೆಯಲ್ಲಿ ಕೊಳಲು ಸಂಗೀತ. ಏಳು ದಿನದೊಳಗೆ ಕಳಿಸಿದರೆ ದುಡ್ಡು ವಾಪಸ್ ಅಂತ ಮೆಸೇಜ್‌ನಲ್ಲೂ ಹಾಕಿದರು. ಯುಪಿಐನಲ್ಲಿ ಪೂರ್ತಿ ದುಡ್ಡು ಕಳಿಸಿದೆ. ಹೌದು, ಪೂರ್ತಿ. ಬೈಯ್ಯಿರಿ, ಮನೆಯಲ್ಲಿ ಆಗಲೇ ಬೈಸಿಕೊಂಡಿದ್ದೇನೆ.

ಶನಿವಾರ ಪಾರ್ಸಲ್ ಬಂತು. ಬಿಚ್ಚುವಾಗ ವಿಡಿಯೋ ಮಾಡಿದೆ, ಅಷ್ಟು ಜಾಣತನ ಇತ್ತು. ಹೊರಗಿನಿಂದ ಒಂದು ಗೀರು ಇಲ್ಲ. ಹಳಿ ಮೇಲೆ ಇಟ್ಟು ಕಂಟ್ರೋಲರ್ ತಿರುಗಿಸಿದೆ. ಗೊರ್ ಅಂತು. ಅರ್ಧ ಅಡಿ ಹೋಯಿತು, ನಿಂತಿತು. ಇನ್ನೂ ತಿರುಗಿಸಿದೆ, ಎಗರಿ ಓಡಿತು. ಕರ್ವ್ ಬಂತು, ಮತ್ತೆ ನಿಂತಿತು. ನನ್ನ ಕಂಟ್ರೋಲರ್‌ನಲ್ಲಿ ಆಂಪಿಯರ್ ಮೀಟರ್ ಇದೆ. ನನ್ನ ಉಳಿದ ಎಂಜಿನ್‌ಗಳು 0.2, ಜಾಸ್ತಿ ಅಂದರೆ 0.3 ತೋರಿಸುತ್ತವೆ. ಇದು ಬೋಗಿ ಇಲ್ಲದೆ, ಸಮತಟ್ಟು ಹಳಿ ಮೇಲೆ, 0.9. ಮುಳ್ಳು ಅಲ್ಲೇ ನಡುಗುತ್ತಾ ನಿಂತಿತ್ತು. ಐದು ನಿಮಿಷಕ್ಕೆ ಎಂಜಿನ್ ಮೇಲ್ಭಾಗ ಬಿಸಿ.

ಇಲ್ಲಿಂದ ಶುರು ನೋಡಿ ಅವರ ಉತ್ತರಗಳು.

ಶನಿವಾರ ರಾತ್ರಿ: "ಹಳಿ ಕ್ಲೀನ್ ಇಲ್ಲ ಅನ್ಸುತ್ತೆ ಸರ್. ಬೆಂಗಳೂರು ಧೂಳು ನೋಡಿ." ಹಳಿ ಒರೆಸಿದರೆ 0.9 ಆಂಪಿಯರ್ 0.3ಕ್ಕೆ ಇಳಿಯುತ್ತಾ? ಕೊಳೆ ಇದ್ದರೆ ಕರೆಂಟ್ ಸರಿಯಾಗಿ ಸಿಗದೆ ಎಂಜಿನ್ ಕುಂಟುತ್ತೆ, ಇಷ್ಟೊಂದು ಎಳೆಯಲ್ಲ. ನನಗೆ ಅದು ಗೊತ್ತು. ಗೊತ್ತಿದ್ದೂ ಭಾನುವಾರ ಬೆಳಿಗ್ಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಬಾಟಲಿ, ಹಳೇ ಬನಿಯನ್ ಬಟ್ಟೆ ಹಿಡಿದು ಮೂರು ಗಂಟೆ ಇಡೀ ಲೇಔಟ್ ಒರೆಸಿದೆ. ಸುರಂಗದ ಒಳಗೆ ಕೈ ಹೋಗಲ್ಲ, ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿದೆ. ಯಾಕೆ ಅಂದರೆ ಅವರು ಅಷ್ಟು ಮರ್ಯಾದೆಯಿಂದ ಹೇಳಿದ್ದರು.

ಭಾನುವಾರ: "ಕರ್ವ್ ಟೈಟ್ ಆಯ್ತೇನೋ ಸರ್, ಆರು ಆಕ್ಸಲ್ ಅಲ್ವಾ?" ನನ್ನ ಹೊರಗಿನ ಲೂಪ್ 22 ಇಂಚು ರೇಡಿಯಸ್. ದುಡ್ಡು ಕಳಿಸುವ ಮೊದಲೇ ಇದನ್ನು ಹೇಳಿದ್ದೆ, "ಆರಾಮಾಗಿ ಹೋಗುತ್ತೆ ಸರ್" ಅಂದಿದ್ದರು. ನನ್ನ ಹತ್ತಿರ ಇರುವ ಇನ್ನೊಂದು ಆರು ಆಕ್ಸಲ್ ಎಂಜಿನ್ ಅದೇ ಕರ್ವ್‌ನಲ್ಲಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಗುತ್ತೆ.

ಸೋಮವಾರ: "ಓಡಿಸದೇ ಇಟ್ಟ ಎಂಜಿನ್ ಸರ್, ಗ್ರೀಸ್ ಗಟ್ಟಿ ಆಗಿರುತ್ತೆ. ಒಂದೊಂದು ದಿಕ್ಕಿಗೆ ಅರ್ಧ ಗಂಟೆ ಓಡಿಸಿ. ನಾಲ್ಕು ದಿನ ಮಾಡಿ. ಹೂವಿನ ಥರ ಓಡುತ್ತೆ." ಇದು ಸುಳ್ಳು ಸಲಹೆ ಅಲ್ಲ, ಅದೇ ಇದರ ವಿಷ. ಹೊಸ ಎಂಜಿನ್‌ಗೆ ನಾವೆಲ್ಲ ಹಾಗೇ ಮಾಡುತ್ತೇವೆ. ದಿನಾ ಆಫೀಸಿನಿಂದ ಬಂದು ಶೂ ಬಿಚ್ಚಿ ನೇರ ತಾರಸಿಗೆ. ಗೊರ್ ಗೊರ್ ಅಂತ ಅದು ಎಳೆದುಕೊಂಡು ಹೋಗುವುದು, ನಾನು ಬೆರಳಲ್ಲಿ ತಳ್ಳುವುದು. "ರೀ, ಅದು ರೈಲಾ ಮಿಕ್ಸಿನಾ?" ಅಂದಳು ಹೆಂಡತಿ ಕೆಳಗಿನಿಂದ. ನನಗೆ ನಗು ಬರಲಿಲ್ಲ.

ಶುಕ್ರವಾರ ಮೆಸೇಜ್ ಮಾಡಿದೆ, ಸುಧಾರಿಸಿಲ್ಲ, ವಾಪಸ್ ಕಳಿಸುತ್ತೇನೆ ಅಂತ. "ಊರಲ್ಲಿ ಇಲ್ಲ ಸರ್, ಮನೆಯಲ್ಲಿ ಫಂಕ್ಷನ್. ಸೋಮವಾರ ನಾನೇ ಫೋನ್ ಮಾಡ್ತೀನಿ, ಟೆನ್ಶನ್ ಬೇಡ." ಟೆನ್ಶನ್ ಬೇಡವಂತೆ. ಶನಿವಾರಕ್ಕೆ ಏಳು ದಿನ ಮುಗಿಯಿತು. ನಾನು ಎಣಿಸಲೇ ಇಲ್ಲ. ಅವರು ಎಣಿಸುತ್ತಿದ್ದರು.

ಸೋಮವಾರ ಹೇಳಿದ ಹಾಗೇ ಫೋನ್ ಬಂತು. ಗಮನಿಸಿ, ಫೋನ್. ಅಷ್ಟು ದಿನ ಮೆಸೇಜ್, ಇವತ್ತು ಫೋನ್. "ಸರ್, ನೀವು ಅನುಭವ ಇರುವವರು. ನಾಲ್ಕು ಸ್ಕ್ರೂ ಅಷ್ಟೇ, ಬಾಡಿ ಎತ್ತಿ ಗೇರ್‌ಗೆ ಒಂದು ತೊಟ್ಟು ಆಯಿಲ್ ಬಿಡಿ. ನಿಮಗೆ ಹೇಳಿಕೊಡಬೇಕಾ?" ಅನುಭವ ಇರುವವರು ಅಂದರಲ್ಲ, ನಾನು ಉಬ್ಬಿದೆ. ಸಂಜೆ ಬಿಚ್ಚಿದೆ.

ಬಾಡಿ ಬರಲಿಲ್ಲ. ಸ್ಕ್ರೂ ನಾಲ್ಕೂ ತೆಗೆದರೂ ಬಾಡಿ ಕಚ್ಚಿಕೊಂಡೇ ಇತ್ತು. ಉಗುರು ಹಾಕಿ, ಹಳೇ ಎಟಿಎಂ ಕಾರ್ಡ್ ತೂರಿಸಿ, ಹತ್ತು ನಿಮಿಷ ಒದ್ದಾಡಿದ ಮೇಲೆ ಟಕ್ ಅಂತ ಬಂತು. ಒಳಗಿನ ಚಾಸಿ, ಅಂದರೆ ಮೋಟಾರ್, ಗೇರ್ ಕೂರುವ ಲೋಹದ ಚೌಕಟ್ಟು, ನೋಡಿ ಎದೆ ಧಸಕ್ ಅಂತು. ನಡುವೆ ಸಣ್ಣಗೆ ಬಿಲ್ಲಿನ ಥರ ಬಾಗಿದೆ. ಮೈ ತುಂಬ ಕೂದಲೆಳೆ ಬಿರುಕು, ಬೇಸಿಗೆಯಲ್ಲಿ ಒಣಗಿದ ಕೆರೆ ಏರಿಯ ಮಣ್ಣಿನ ಥರ. ಬೆರಳಲ್ಲಿ ಒತ್ತಿದರೆ ಮೂಲೆ ಒಂದು ಬಿಸ್ಕೆಟ್ ಥರ ಮುರಿದು ಬೂದಿ ಬಣ್ಣದ ಪುಡಿ ಕೈಗೆ ಬಂತು.

ಜಿಂಕ್ ಪೆಸ್ಟ್. ಹಳೇ ಸಂಗ್ರಹಕಾರರಿಗೆ ಈ ಹೆಸರು ಕೇಳಿದರೇ ಜ್ವರ ಬರುತ್ತೆ. ಚಾಸಿ ಎರಕ ಹೊಯ್ಯುವ ಸತುವಿನ ಮಿಶ್ರಲೋಹದಲ್ಲಿ ಸೀಸದಂಥ ಕಲ್ಮಶ ಸ್ವಲ್ಪ ಸೇರಿಕೊಂಡರೂ ಸಾಕು, ವರ್ಷಗಳು ಕಳೆದ ಹಾಗೆ ಲೋಹ ಒಳಗೊಳಗೇ ಹಾಳಾಗಿ, ಉಬ್ಬಿ, ಬಿರಿದು, ಪುಡಿಯಾಗುತ್ತೆ. ತೇವ ಇದ್ದರೆ ಇನ್ನೂ ಬೇಗ. ಮದ್ದು ಇಲ್ಲ. ಪಕ್ಕದ ಎಂಜಿನ್‌ಗೆ ಅಂಟಲ್ಲ ಅನ್ನುವುದೊಂದೇ ಸಮಾಧಾನ. ಚಾಸಿ ಉಬ್ಬಿದರೆ ಮೋಟಾರ್ ಕೂರುವ ಜಾಗ ಬಿಗಿಯಾಗುತ್ತೆ, ಶಾಫ್ಟ್ ನೇರ ಇರಲ್ಲ, ಗೇರ್ ಗೇರನ್ನು ತಿನ್ನುತ್ತೆ. ಆ 0.9 ಆಂಪಿಯರ್ ಅಲ್ಲಿಂದ ಬರುತ್ತಿತ್ತು.

ಆದರೂ ಒಂದು ಕ್ಷಣ ಅಂದುಕೊಂಡೆ, ಪಾಪ, ಅವರಿಗೂ ಗೊತ್ತಿರಲಿಲ್ಲವೇನೋ. ಟೇಬಲ್ ಲ್ಯಾಂಪ್ ಹತ್ತಿರ ಎಳೆದುಕೊಂಡು ಭೂತಕನ್ನಡಿಯಲ್ಲಿ ನೋಡಿದೆ. ಚಾಸಿಯ ಎರಡೂ ಬದಿ ಅರದಿಂದ ಉಜ್ಜಿದ ಗೀರುಗಳು, ಫಳಫಳ ಹೊಸವು. ಉಬ್ಬಿದ್ದನ್ನು ಉಜ್ಜಿ ಬಾಡಿಯೊಳಗೆ ತೂರಿಸಿದ್ದಾರೆ. ದೊಡ್ಡ ಬಿರುಕು ಒಂದಕ್ಕೆ ಅರಾಲ್ಡೈಟ್ ಮೆತ್ತಿ ಅದರ ಮೇಲೆ ಕಪ್ಪು ಮಾರ್ಕರ್ ಪೆನ್ ಎಳೆದಿದ್ದಾರೆ. ಆಲ್ಕೋಹಾಲ್ ಬಟ್ಟೆಯಲ್ಲಿ ಒರೆಸಿದೆ, ಕಪ್ಪು ಬಟ್ಟೆಗೆ ಬಂತು. ಕೆಳಗೆ ಹಳದಿ ಅಂಟು. ಗೊತ್ತಿತ್ತು! ಎಲ್ಲಾ ಗೊತ್ತಿತ್ತು! ಎಲ್ಲಾ ಗೊತ್ತಿದ್ದವನು ನನ್ನ ಹತ್ತಿರ ಮೂರು ಗಂಟೆ ಹಳಿ ಒರೆಸಿದ್ದಾನೆ. ಇನ್ನು "ಅವರು, ಇವರು" ಅಂತ ಬರೆಯೋಕೆ ನನ್ನ ಕೈ ಬರಲ್ಲ.

ಫೋಟೋ ಎಲ್ಲ ಕಳಿಸಿದೆ. ಬಂದ ಉತ್ತರ ಹಾಗೇ ಹಾಕುತ್ತೇನೆ: "ಸರ್ ಬಾಡಿ ಬಿಚ್ಚಿದ್ದೀರಾ? ಬಿಚ್ಚಿದ ಐಟಂ ವಾಪಸ್ ತಗೊಳ್ಳಲ್ಲ ಸರ್."

ನೀವೇ ಬಿಚ್ಚಲು ಹೇಳಿದ್ದು ಅಂದೆ. "ನಾನು ಹಾಗೆ ಹೇಳಿಲ್ಲ ಸರ್, ಮೆಸೇಜ್ ತೋರಿಸಿ." ಮೆಸೇಜ್ ಎಲ್ಲಿದೆ? ಅದಕ್ಕೇ ಅವತ್ತು ಫೋನ್ ಮಾಡಿದ್ದು. ಅದನ್ನು ಓದಿದಾಗ ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು, ಸುಮ್ನೆ ಕೂತುಬಿಟ್ಟೆ. ಅಂಟು, ಅರದ ಗೀರು ಯಾರದು ಅಂತ ಕೇಳಿದೆ. "ತೀರಿಕೊಂಡವರು ಮಾಡಿರಬಹುದು ಸರ್." ಸತ್ತವರ ಮೇಲೆ ಹಾಕಿದ! ಆಮೇಲೆ, "ಏಳು ದಿನನೂ ಆಯ್ತಲ್ಲ ಸರ್. ಹಳೇ ಮೆಟಲ್ ಹಾಗೇ ಇರುತ್ತೆ. ಶೋಕೇಸಲ್ಲಿ ಇಡಿ, ಚೆನ್ನಾಗಿ ಕಾಣುತ್ತೆ." ಶೋಕೇಸಲ್ಲಿ ಇಡಬೇಕಂತೆ, 21,500ಕ್ಕೆ. ಅರ್ಧ ದುಡ್ಡಾದರೂ ಕೊಡಿ ಅಂತ ಕೇಳಿದೆ, ಅದಕ್ಕೂ ಇಳಿದೆ. ಕೈ ಮುಗಿಯುವ ಚಿತ್ರ ಒಂದು ಬಂತು. ಮಾರನೇ ದಿನ ನನ್ನ ನಂಬರ್ ಬ್ಲಾಕ್.

ಪೊಲೀಸ್ ಸ್ಟೇಷನ್‌ಗೆ ಹೋಗೋಣ ಅಂದುಕೊಂಡೆ. ಹೋಗಿ ಏನಂತ ಹೇಳಲಿ? ಆಟದ ರೈಲು ಹೊಟ್ಟೆ ಉಬ್ಬಿಸಿಕೊಂಡಿದೆ ಅಂತಲಾ?

ಮೊನ್ನೆ ಆ ವಿಡಿಯೋ ಮತ್ತೆ ಹಾಕಿಕೊಂಡು ನೋಡುತ್ತಿದ್ದೆ, ಗಾಯ ಕೆರೆದುಕೊಳ್ಳುವ ಚಟ. ಪಕ್ಕದಲ್ಲಿ ಕೂತಿದ್ದ ಮಗಳು, ಎಂಟನೇ ಕ್ಲಾಸು, "ಅಪ್ಪಾ, ಇದು ಒಂದ್ಸಲಾನೂ ತಿರುಗೇ ಇಲ್ಲ ಅಲ್ವಾ? ನಂಬರೂ ಬೇರೆ" ಅಂದಳು. ನೋಡಿದರೆ ನಿಜ. ನಾಲ್ಕಡಿ ನೇರ ಹಳಿ, ಒಂದೇ ದಿಕ್ಕು, ಹಿಂದೆ ಬೋಗಿ ಇಲ್ಲ. ಕೊಳಲು ಹಾಕಿದ್ದು ಸದ್ದು ಕೇಳಬಾರದು ಅಂತ. ಕ್ಯಾಬ್ ಪಕ್ಕದ ನಂಬರಿನ ಕೊನೆ ಅಂಕಿ ವಿಡಿಯೋದಲ್ಲಿ 4, ನನ್ನ ಕೈಯಲ್ಲಿರುವುದು 7. ಎಂಜಿನ್ನೇ ಬೇರೆ! ಅಲ್ಲ, "ಒಮ್ಮೆಯೂ ಓಡಿಸಿಲ್ಲ" ಅಂದವನು ಓಡುವ ವಿಡಿಯೋ ಎಲ್ಲಿಂದ ತಂದ ಅಂತ ಆವತ್ತೇ ಕೇಳಬೇಕಿತ್ತಲ್ಲ ನಾನು. 11 ವರ್ಷದ ಅನುಭವ, ಸ್ವಾಮಿ.

ಹಾಗಾಗಿ ನೀವಾದರೂ ಕೇಳಿ. ವಿಡಿಯೋ ಬೇಕು ಅಂದರೆ ಸಂಗೀತ ಇಲ್ಲದ್ದು, ಎರಡೂ ದಿಕ್ಕು, ಕರ್ವ್ ಮೇಲೆ, ನಂಬರ್ ಕಾಣುವ ಹಾಗೆ. ಬಾಡಿ ಬಿಚ್ಚಿದ ಚಾಸಿಯ ಫೋಟೋ ದುಡ್ಡು ಕೊಡುವ ಮೊದಲೇ ಕೇಳಿ, "ಬಿಚ್ಚಿದರೆ ಬೆಲೆ ಹೋಗುತ್ತೆ ಸರ್" ಅಂದರೆ ಫೋನ್ ಇಟ್ಟುಬಿಡಿ. ಮೊದಲ ದಿನವೇ ವಾಪಸ್ ಅಂತ ಬರೆದು ಕಳಿಸಿ, ಆಮೇಲೆ ಬೇಕಾದರೆ ಹಳಿ ಒರೆಸಿ. ಅವನು ಫೋನಲ್ಲಿ ಏನು ಹೇಳಿದರೂ "ಸರ್, ಅದನ್ನೇ ಮೆಸೇಜ್ ಹಾಕಿ" ಅನ್ನಿ. ಜಾಸ್ತಿ ಮರ್ಯಾದೆ ಕೊಟ್ಟರೆ ಜಾಸ್ತಿ ಅನುಮಾನ ಪಡಿ. ಇದು ಸ್ವಲ್ಪ ಅತಿ ಅಂತ ಗೊತ್ತು, ನನ್ನ ಜಾಗದಲ್ಲಿ ಇದ್ದಿದ್ದರೆ ನೀವೂ ಹೀಗೇ ಬರೆಯುತ್ತಿದ್ದಿರಿ.

ಎಂಜಿನ್ ಈಗ ಘಾಟಿ ಬುಡದ ಸೈಡಿಂಗ್‌ನಲ್ಲಿ, ಅಂದರೆ ಪಕ್ಕದ ಹಳಿಯಲ್ಲಿ, ಸುಮ್ನೆ ಕೂತಿದೆ. ಮೋಟಾರ್, ಚಕ್ರ ಕಳಚಿ ಇಟ್ಟುಕೊಂಡಿದ್ದೇನೆ, ಬಾಡಿ ಹೇಗೂ ಚೆನ್ನಾಗಿದೆ. ಮೈಸೂರಿನ ಗೆಳೆಯನೊಬ್ಬ ಹಿತ್ತಾಳೆಯಲ್ಲಿ ಚಾಸಿ ಕೊಯ್ದು ಮಾಡಬಹುದು ಗುರು ಅಂತಿದ್ದಾನೆ, ನೋಡೋಣ.

ನಿನ್ನೆ ರಾತ್ರಿ ಇನ್ನೊಂದು ಜಾಹೀರಾತು ಕಣ್ಣಿಗೆ ಬಿತ್ತು. ಮಾರುವವರ ಹೆಸರು ಬೇರೆ. ಈ ಸಲ ಸ್ಟೀಮ್ ಎಂಜಿನ್, ಒಮ್ಮೆಯೂ ಓಡಿಸಿಲ್ಲವಂತೆ. ಕೆಳಗೆ ಹಾಸಿರುವುದು ಅದೇ ಹಸಿರು ಚೌಕಳಿ ಬಟ್ಟೆ, ಎಡ ಮೂಲೆಯಲ್ಲಿ ಅದೇ ಟೀ ಕಲೆ.