ಕ್ಯಾಸಿನೊ ಹೋಟೆಲ್ ಛಲೋನೋ, ಲಾಡ್ಜ್ ಹಿಡಿದು ಕ್ಯಾಸಿನೊ ಹಡಗಿಗೆ ಹೋಗೋದು ಛಲೋನೋ?

ಹುಬ್ಬಳ್ಳಿಯಿಂದ ಪಣಜಿ ಏನು ದೂರ? ಧಾರವಾಡ, ಅಳ್ನಾವರ, ರಾಮನಗರ ದಾಟಿ ಅನಮೋಡ ಘಾಟ್ ಇಳಿದರೆ ಗೋವಾ. ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಹೊರಟರೆ ಸಂಜೆಗೆ ಅಲ್ಲಿರಬಹುದು. ಹೀಗಾಗಿ ಗೆಳೆಯರು ಆಗಾಗ ಕೇಳುತ್ತಾರೆ, ಕ್ಯಾಸಿನೊ ಇರುವ ಫೈವ್ ಸ್ಟಾರ್ ಹೋಟೆಲಿನಲ್ಲೇ ಇಳಿದರೆ ಕೊಟ್ಟ ರೊಕ್ಕಕ್ಕೆ ಮೋಸ ಇಲ್ವಾ ಅಂತ. ನಾನು, ನನ್ನ ಹೆಂಡತಿ ಎರಡೂ ರೀತಿ ಹೋಗಿ ಬಂದಿದ್ದೇವೆ.

ಮೊದಲ ಸಲ ಹೋಟೆಲ್. ಶನಿವಾರದ ರೂಮು 11,500 ರೂಪಾಯಿ. ದಿನಕ್ಕೆ 7,500 ದಾಟಿದ ರೂಮಿಗೆ 18% ಜಿಎಸ್‌ಟಿ, ಅಲ್ಲಿಗೆ 13,570. ರಾತ್ರಿ ಊಟಕ್ಕೆ ಮತ್ತೆ 2,800. ರೂಮು ಕೊಡಲು ಒಂದು ತಾಸು ಕಾಯಿಸಿದರು, ಅದೊಂದು ಬೇಜಾರು. ಹಾಸಿಗೆ, ಈಜುಕೊಳ, ಬೆಳಗಿನ ತಿಂಡಿ ಮಾತ್ರ ನಿಜಕ್ಕೂ ಚೆನ್ನಾಗಿದ್ದವು.

ಆದರೆ ನಾವು ಹೋಗಿದ್ದು ಆಟ ನೋಡಲು. ಕೆಳಗಿನ ಹಾಲ್‌ನಲ್ಲಿ ಎಲ್ಲಾ ಯಂತ್ರಗಳೇ. ರೂಲೆಟ್ ಅಂದರೆ ತಿರುಗುವ ಚಕ್ರದಲ್ಲಿ ಗೋಲಿ ಯಾವ ನಂಬರಿನ ಮನೆಗೆ ಬೀಳುತ್ತದೆ ಅಂತ ದುಡ್ಡು ಕಟ್ಟುವ ಆಟ. ಇಲ್ಲಿ ಅದರ ಚಕ್ರ ಗಾಜಿನ ಡಬ್ಬಿಯೊಳಗೆ ತಾನೇ ತಿರುಗುತ್ತದೆ, ನಾವು ಎದುರಿನ ಸ್ಕ್ರೀನ್ ಒತ್ತುತ್ತಾ ಕೂರಬೇಕು. 'ಇದು ಮೊಬೈಲ್‌ನ್ಯಾಗ ಆಡಿದಂಗ ಆತಲ್ರೀ' ಅಂದಳು ಹೆಂಡತಿ. ತಪ್ಪು ಆ ಹೋಟೆಲಿನದಲ್ಲ. ಗೋವಾದ ಕಾನೂನಿಗೆ 1992ರಲ್ಲಿ ತಿದ್ದುಪಡಿ ಮಾಡಿ ಫೈವ್ ಸ್ಟಾರ್ ಹೋಟೆಲುಗಳಿಗೆ ಯಂತ್ರದ ಆಟಕ್ಕಷ್ಟೇ ಅನುಮತಿ ಕೊಟ್ಟರು. ಡೀಲರ್ ನಿಂತು ಆಡಿಸುವ ಟೇಬಲ್ಲುಗಳಿಗೆ 1996ರಲ್ಲಿ ಅವಕಾಶ ಸಿಕ್ಕಿತು, ಅದೂ ನೀರಿನ ಮೇಲಿನ ಹಡಗುಗಳಲ್ಲಿ. ಬುಕ್ ಮಾಡುವ ಮುಂಚೆ ಇದು ನಮಗೆ ಗೊತ್ತಿರಲಿಲ್ಲ.

ಎರಡನೇ ಸಲ ವಾರದ ಮಧ್ಯೆ ಹೋದೆವು. ಪಣಜಿಯ ಜೆಟ್ಟಿಗೆ ನಡೆದು ಹೋಗುವಷ್ಟು ಹತ್ತಿರ 2,200 ರೂಪಾಯಿಯ ಲಾಡ್ಜ್. ಮಾಂಡೋವಿ ನದಿಯಲ್ಲಿ ನಿಂತ ಹಡಗಿಗೆ ತಲಾ 2,500. ಊಟ, ಕುಡಿಯೋದು, ಆಡಲು ಒಂದಿಷ್ಟು ಚಿಪ್ (ದುಡ್ಡಿನ ಬದಲು ಇಟ್ಟು ಆಡುವ ಬಿಲ್ಲೆ) ಅದರಲ್ಲೇ ಸೇರಿದ್ದವು. ಆ ಚಿಪ್ಪುಗಳನ್ನು ದುಡ್ಡಾಗಿ ವಾಪಸ್ ಪಡೆಯಲು ಆಗಲ್ಲ, ಆಡಿಯೇ ಮುಗಿಸಬೇಕು. ಗೆದ್ದರೆ ಗೆದ್ದಷ್ಟು ನಮ್ಮದು. ಒಟ್ಟು 7,200, ಅಂದರೆ ರೂಮು, ಊಟ ಸೇರಿ ಹೋಟೆಲಿಗೆ ಕೊಟ್ಟದ್ದರ ಅರ್ಧಕ್ಕಿಂತ ಕಡಿಮೆ.

ನನಗೆ ದೊಡ್ಡದಾಗಿ ಕಂಡ ವ್ಯತ್ಯಾಸ ಬೇರೆ. ಒಂದೇ ಸೊನ್ನೆಯ ರೂಲೆಟ್‌ನಲ್ಲಿ 37 ಮನೆ. ಒಂದು ನಂಬರಿಗೆ ಕಟ್ಟಿ ಗೆದ್ದರೆ ಕಟ್ಟಿದ್ದು ವಾಪಸ್, ಅದರ ಮೇಲೆ 35 ಪಟ್ಟು. ಸರಾಸರಿ ಲೆಕ್ಕ ಹಾಕಿದರೆ ಕಟ್ಟಿದ ಪ್ರತಿ 100 ರೂಪಾಯಿಗೆ 2 ರೂಪಾಯಿ 70 ಪೈಸೆ ಅವರ ಪಾಲು. ಯಂತ್ರವಾಗಲಿ ಟೇಬಲ್ಲಾಗಲಿ, ಲೆಕ್ಕ ಇದೇ. ಆದರೆ ಯಂತ್ರದಲ್ಲಿ ಸುತ್ತು ಮುಗಿದ ಕೂಡಲೇ ಇನ್ನೊಂದು ಸುತ್ತು. ನನ್ನ 3,000 ನಲವತ್ತು ನಿಮಿಷಕ್ಕೆ ಖಾಲಿ. ಹಡಗಿನ ಟೇಬಲ್ಲಿನಲ್ಲಿ ಸುತ್ತ ಹತ್ತು ಜನ ಚಿಪ್ ಇಡಬೇಕು, ಡೀಲರ್ ಹುಡುಗಿ ಗೋಲಿ ಬಿಡಬೇಕು, ಸೋತವರ ಚಿಪ್ಪುಗಳನ್ನು ಎರಡೂ ಕೈಯಿಂದ ಗುಡಿಸಿ ಎಳೆದುಕೊಳ್ಳಬೇಕು, ಗೆದ್ದವರಿಗೆ ಎಣಿಸಿ ಸರಿಸಬೇಕು. ಅಷ್ಟೇ ದುಡ್ಡು ಮೂರು ತಾಸು ಬಂತು. ಪಕ್ಕದಲ್ಲಿ ಬೆಳಗಾವಿಯ ಅಣ್ಣಾವರೊಬ್ಬರು ನಿಂತಿದ್ದರು, ಅವರ ಜೊತೆ ಹರಟೆ ಬೇರೆ.

ಚಿಪ್ ಕೊಳ್ಳುವ ದುಡ್ಡಿಗೂ ಜಿಎಸ್‌ಟಿ ಇದೆ. 2023ರ ಅಕ್ಟೋಬರಿನಿಂದ 28% ಇತ್ತು, 2025ರ ಸೆಪ್ಟೆಂಬರ್ 22ರಿಂದ 40% ಆಗಿದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. 21 ವರ್ಷ ತುಂಬದವರನ್ನು ಒಳಗೆ ಬಿಡಲ್ಲ, ಗುರುತಿನ ಚೀಟಿ ಮರೆಯಬೇಡಿ.

ಲಾಡ್ಜಿನ ಎಸಿ ರಾತ್ರಿಯೆಲ್ಲಾ ಗೊರಗೊರ ಅಂತಿತ್ತು, ದಿಂಬು ಗಟ್ಟಿ. ಆದರೂ ಎರಡು ಗಂಟೆಗೆ ಬಂದು ಮಲಗಿದ ನಮಗೆ ಅಷ್ಟು ಸಾಕಾಯಿತು. ಆಟಕ್ಕೆ ಅಂತ ಹೋಗುವವರಿಗೆ ನಾನು ಹೇಳೋದು ಲಾಡ್ಜ್ ಮತ್ತು ಹಡಗು.

ಅವ್ವನನ್ನು ಕರೆದುಕೊಂಡು ಹೋಗುವಾಗ ಮಾತ್ರ ಹೋಟೆಲ್ಲೇ. ಅವಳಿಗೆ ದೋಣಿ ಹತ್ತಿ ಇಳಿಯೋದು ಕಷ್ಟ, ಈಜುಕೊಳದ ಪಕ್ಕ ಆರಾಮಾಗಿ ಕೂರುತ್ತಾಳೆ. ಮೊನ್ನೆ ಫೋನ್ ಮಾಡಿ ವಿಚಾರಿಸಿದೆ. ಅದೇ ರೂಮು ಭಾನುವಾರ ರಾತ್ರಿಗೆ 7,400. 7,500ರ ಒಳಗೇ ಇರುವುದರಿಂದ ತೆರಿಗೆ ಈಗ 5%, ಒಟ್ಟು 7,770. ಸೋಮವಾರ ಅಂಗಡಿಗೆ ರಜೆ ಹಾಕಿ ಭಾನುವಾರಕ್ಕೇ ಬುಕ್ ಮಾಡಿದ್ದೇನೆ.