ಓತಿಗಳ ಬೆನ್ನು ಹತ್ತಿದ ವಿಜ್ಞಾನಿ: ‘ಇಂಪ್ರಾಬಬಲ್ ಡೆಸ್ಟಿನೀಸ್’ ಪುಸ್ತಕ ವಿಮರ್ಶೆ

ತೆಂಗಿನ ಗರಿಯ ಕಡ್ಡಿಯ ತುದಿಗೆ ಜೀರುಗುಣಿಕೆ ಹಾಕಿ ಬೇಲಿಯ ಮೇಲಿನ ಓತಿಕ್ಯಾತವನ್ನು ಹಿಡಿಯುವುದು ನಮ್ಮ ಹಳ್ಳಿಯ ಹುಡುಗರಿಗೆ ಗೊತ್ತಿದ್ದ ವಿದ್ಯೆ. ಅಮೆರಿಕದ ಜೀವವಿಜ್ಞಾನಿ ಜೊನಾಥನ್ ಲೋಸೋಸ್ ಅವರು ಗಾಳದ ಕೋಲಿಗೆ ಅಂಥದೇ ಕುಣಿಕೆ ಕಟ್ಟಿಕೊಂಡು, ಕೆರಿಬಿಯನ್ ದ್ವೀಪಗಳಲ್ಲಿ ದಶಕಗಳ ಕಾಲ ಅನೋಲ್ ಎಂಬ ಪುಟ್ಟ ಓತಿಗಳನ್ನು ಹಿಡಿದು, ಕಾಲುಗಳನ್ನು ಅಳೆದು, ಮರಳಿ ಬಿಡುತ್ತ ಬಂದವರು. ಆ ದುಡಿಮೆಯ ಫಲವನ್ನು ಸಾಮಾನ್ಯ ಓದುಗರ ಕೈಗಿಡುವ ಪುಸ್ತಕ, 2017ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ‘ಇಂಪ್ರಾಬಬಲ್ ಡೆಸ್ಟಿನೀಸ್’.

ಜೀವವಿಕಾಸ ಮೊದಲಿನಿಂದ ಮತ್ತೊಮ್ಮೆ ನಡೆದರೆ ಇವೇ ಜೀವಿಗಳು ಹುಟ್ಟುತ್ತವೆಯೇ ಎಂಬುದು ಪುಸ್ತಕದ ಕೇಂದ್ರ ಪ್ರಶ್ನೆ. ಹುಟ್ಟಲಾರವು ಎಂದವರು ಅಮೆರಿಕದ ಪಳೆಯುಳಿಕೆ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್. ಒಂದೇ ಬಗೆಯ ಪರಿಸರ ಒಂದೇ ಬಗೆಯ ದೇಹಗಳನ್ನು ಮತ್ತೆ ಮತ್ತೆ ರೂಪಿಸುತ್ತದೆ ಎಂದವರು ಬ್ರಿಟನ್ನಿನ ಪಳೆಯುಳಿಕೆ ವಿಜ್ಞಾನಿ ಸೈಮನ್ ಕಾನ್ವೇ ಮಾರಿಸ್. ಕ್ಯೂಬಾ, ಹಿಸ್ಪಾನಿಯೋಲಾ, ಜಮೈಕಾ, ಪೋರ್ಟೊರಿಕೊ ದ್ವೀಪಗಳಲ್ಲಿ ಮರದ ಬುಡದ ಅನೋಲ್‌ಗೆ ಉದ್ದ ಕಾಲು, ಸಣ್ಣ ರೆಂಬೆಯ ಅನೋಲ್‌ಗೆ ಗಿಡ್ಡ ಕಾಲು. ಈ ಹೋಲಿಕೆಗಳು ಬಹುಪಾಲು ಆಯಾ ದ್ವೀಪದಲ್ಲೇ ಪ್ರತ್ಯೇಕವಾಗಿ ವಿಕಾಸಗೊಂಡವು ಎಂದು ಡಿಎನ್‌ಎ ಪರೀಕ್ಷೆಗಳು ತೋರಿಸಿವೆ. ಈ ಸಂಗತಿ ಎರಡನೆಯ ವಾದವನ್ನು ಬಲಪಡಿಸುತ್ತದೆ, ಆದರೆ ಲೋಸೋಸ್ ಅಲ್ಲಿಗೇ ತೃಪ್ತರಾಗಿ ಕುಳಿತುಕೊಳ್ಳುವುದಿಲ್ಲ.

ಪುಸ್ತಕದ ಜೀವಾಳವೆಂದು ನಾನು ಭಾವಿಸುವುದು ಬಹಾಮಾಸ್ ದ್ವೀಪಗಳ ಪ್ರಯೋಗಗಳನ್ನು. ಅಲ್ಲಿ 1977 ಮತ್ತು 1981ರಲ್ಲಿ ಪರಿಸರ ವಿಜ್ಞಾನಿಗಳಾದ ಷೋನರ್ ದಂಪತಿ ಪುಟ್ಟ ದ್ವೀಪಗಳಿಗೆ ಕಂದು ಅನೋಲ್‌ಗಳನ್ನು ಒಯ್ದು ಬಿಟ್ಟಿದ್ದರು. ಹತ್ತು ಹದಿನಾಲ್ಕು ವರ್ಷಗಳಲ್ಲೇ ಅವುಗಳ ಕಾಲಿನ ಅಳತೆ ಆಯಾ ದ್ವೀಪದ ಗಿಡಗಂಟಿಗೆ ತಕ್ಕಂತೆ ಬದಲಾಗಿದ್ದುದನ್ನು ಲೋಸೋಸ್ ಮತ್ತು ಸಂಗಡಿಗರು 1997ರಲ್ಲಿ ವರದಿ ಮಾಡಿದರು. ಮುಂದೆ, 2003ರಲ್ಲಿ, ಆರು ದ್ವೀಪಗಳಿಗೆ ಅನೋಲ್‌ಗಳನ್ನು ತಿನ್ನುವ ದೊಡ್ಡ ಸುರುಳಿಬಾಲದ ಓತಿಗಳನ್ನು ಬಿಟ್ಟು, ಇನ್ನಾರು ದ್ವೀಪಗಳನ್ನು ಹೋಲಿಕೆಗಾಗಿ ಹಾಗೆಯೇ ಉಳಿಸಿಕೊಂಡರು. ಮೊದಲ ಆರು ತಿಂಗಳು ನೆಲದಲ್ಲಿ ವೇಗವಾಗಿ ಓಡಬಲ್ಲ ಉದ್ದ ಕಾಲಿನವು ಹೆಚ್ಚಾಗಿ ಬದುಕಿದವು. ಅಷ್ಟರಲ್ಲಿ ಅಳಿದುಳಿದವು ನೆಲ ಬಿಟ್ಟು ಗಿಡ ಹತ್ತಿದ್ದವು, ಸಣ್ಣ ರೆಂಬೆಗಳ ಮೇಲೆ ಗಿಡ್ಡ ಕಾಲೇ ಅನುಕೂಲವಾದ್ದರಿಂದ ಮುಂದಿನ ಆರು ತಿಂಗಳಲ್ಲಿ ನಿಸರ್ಗದ ಆಯ್ಕೆಯ ದಿಕ್ಕೇ ತಿರುಗಿ ಗಿಡ್ಡ ಕಾಲಿನವು ಹೆಚ್ಚಾಗಿ ಉಳಿದವು. ಪ್ರಾಣಿಯ ನಡವಳಿಕೆ ಬದಲಾದರೆ ವಿಕಾಸದ ದಾರಿಯೂ ಬದಲಾಗುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸುವ ಉದಾಹರಣೆಯನ್ನು ನಾನು ಬೇರೆಲ್ಲೂ ಓದಿಲ್ಲ. 2004ರ ಫ್ರಾನ್ಸಿಸ್ ಚಂಡಮಾರುತದ ಹೊಡೆತಕ್ಕೆ ಅಲ್ಲಿನ ಹಲವು ಪುಟ್ಟ ದ್ವೀಪಗಳ ಓತಿಗಳು ಕೊಚ್ಚಿಹೋದವು. ಲೋಸೋಸ್ ಮತ್ತು ಸಂಗಡಿಗರು ಆ ಬರಿದಾದ ದ್ವೀಪಗಳನ್ನೇ ಇನ್ನೊಂದು ಪ್ರಯೋಗಕ್ಕೆ ಬಳಸಿಕೊಂಡರು.

ಟ್ರಿನಿಡಾಡ್ ದ್ವೀಪದ ಹೊಳೆಗಳಲ್ಲಿ ಗಪ್ಪಿ ಎಂಬ ಪುಟ್ಟ ಮೀನುಗಳ ಮೇಲೆ ನಡೆದ ಪ್ರಯೋಗವೂ ಸೊಗಸಾಗಿ ಮೂಡಿಬಂದಿದೆ. ಆದರೆ ಸೂಕ್ಷ್ಮಜೀವಿಗಳಿಗೆ ಮೀಸಲಾದ ಮೂರನೆಯ ಭಾಗದಲ್ಲಿ, ಅಮೆರಿಕದ ಜೀವವಿಜ್ಞಾನಿ ರಿಚರ್ಡ್ ಲೆನ್ಸ್ಕಿ 1988ರಲ್ಲಿ ಆರಂಭಿಸಿದ, ಬ್ಯಾಕ್ಟೀರಿಯಾಗಳನ್ನು ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿ ವಿಕಾಸವನ್ನು ಗಮನಿಸುವ ಪ್ರಯೋಗದ ಮಹತ್ವ ದೊಡ್ಡದಾದರೂ, ನಿರೂಪಣೆ ತುಸು ಎಳೆದಂತಾಗಿದೆ ಎಂದು ನನಗನಿಸಿತು. ತಾವೇ ಕಣ್ಣಾರೆ ಕಂಡ ಓತಿಯ ಬಗ್ಗೆ ಬರೆಯುವಾಗಿನ ಬಿಸುಪು ಇಲ್ಲಿಲ್ಲ. ಮೊದಲ ಭಾಗದಲ್ಲೂ ಉದಾಹರಣೆಗಳು ಒಂದರ ಮೇಲೊಂದು ಬಂದು ಬೀಳುತ್ತವೆ.

ಜೀವಶಾಸ್ತ್ರ ಓದುವ ಪಿಯುಸಿ, ಪದವಿ ವಿದ್ಯಾರ್ಥಿಗಳಿಗೆ, ಅವರ ಅಧ್ಯಾಪಕರಿಗೆ ಈ ಪುಸ್ತಕವನ್ನು ಹೃತ್ಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಇಂಗ್ಲಿಷ್ ಸರಳವಾಗಿದೆ. ಸಮಯ ಕಡಿಮೆ ಇರುವವರು ಪ್ರಯೋಗಗಳ ಎರಡನೆಯ ಭಾಗವನ್ನು ಮೊದಲು ಓದಿ, ಆಮೇಲೆ ಆರಂಭಕ್ಕೆ ಮರಳಬಹುದು.