ಟೇಬಲ್, ಡಿವ್, ಅರ್ಥವಿರುವ ಟ್ಯಾಗ್: ಯಾವ ಕೆಲಸಕ್ಕೆ ಯಾವುದು?

ವೆಬ್ ಪುಟ ಕಟ್ಟಲು ಮೂರು ಬಗೆಯ ಟ್ಯಾಗ್‌ಗಳಲ್ಲಿ (ಪುಟದ ಭಾಗಗಳನ್ನು ಗುರುತಿಸುವ ಎಚ್‌ಟಿಎಂಎಲ್ ಗುರುತುಗಳು) ಯಾವುದು ಎಂದು ಕೇಳಿದ್ದೀರಿ: ಸಾಲು-ಅಂಕಣಗಳ ಟೇಬಲ್, ತನ್ನದೇ ಅರ್ಥವಿಲ್ಲದ ಖಾಲಿ ಡಬ್ಬಿಯಂಥ ಡಿವ್, ಅಥವಾ ಒಳಗೆ ಏನಿದೆ ಎಂದು ಹೆಸರಲ್ಲೇ ಹೇಳುವ ಅರ್ಥವಿರುವ ಟ್ಯಾಗ್. ನೋಟವೊಂದೇ ಮುಖ್ಯವಾದರೆ ಡಿವ್‌ಗೂ ನ್ಯಾವ್ (ಮೆನುವಿಗೆ), ಆರ್ಟಿಕಲ್‌ನಂಥ (ಲೇಖನಕ್ಕೆ) ಅರ್ಥವಿರುವ ಟ್ಯಾಗ್‌ಗಳಿಗೂ ವ್ಯತ್ಯಾಸ ಕಡಿಮೆ. ಪುಟದ ನೋಟವನ್ನು ನಿರ್ಧರಿಸುವ ಸಿಎಸ್‌ಎಸ್ ಎರಡನ್ನೂ ಒಂದೇ ರೀತಿ ಜೋಡಿಸುತ್ತದೆ. 2017ರಲ್ಲಿ ಮುಖ್ಯ ಬ್ರೌಸರ್‌ಗಳಿಗೆ ಗ್ರಿಡ್ (ಸಾಲು, ಅಂಕಣಗಳಲ್ಲಿ ಜೋಡಿಸುವ ಸಿಎಸ್‌ಎಸ್ ವಿಧಾನ) ಬಂತು. ಆಮೇಲೆ ಅಂಕಣಗಳಿಗೆ ಟೇಬಲ್ ಬೇಕಿಲ್ಲ.

ನಿಜವಾದ ವ್ಯತ್ಯಾಸ ಬಳಕೆಯಲ್ಲಿದೆ. ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಬಳಸುವವರು ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತಾ ಪುಟ ಓದುತ್ತಾರೆ. ಶೀರ್ಷಿಕೆ ಟ್ಯಾಗ್ ಬದಲು ದಪ್ಪಕ್ಷರದ ಡಿವ್ ಇಟ್ಟರೆ ಅವರಿಗೆ ದಾರಿಯೇ ಸಿಗುವುದಿಲ್ಲ. ಬಟನ್ ಟ್ಯಾಗ್ ಹಾಕಿದರೆ ಟ್ಯಾಬ್, ಎಂಟರ್, ಸ್ಪೇಸ್ ಕೀಲಿಗಳು ತಾವಾಗಿಯೇ ಕೆಲಸ ಮಾಡುತ್ತವೆ. ಡಿವ್‌ನಲ್ಲಿ ಅದೆಲ್ಲವನ್ನೂ ನೀವೇ ಬರೆಯಬೇಕು. ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ.

ಶ್ರಮ? ಬಟನ್‌ಗೆ ಬ್ರೌಸರ್ ಕೊಡುವ ಅಂಚು, ಬಣ್ಣ ತೆಗೆಯಲು ನಾಲ್ಕು ಸಾಲು ಜಾಸ್ತಿ, ಅಷ್ಟೇ. ಹಾಗಂತ ಸುಮ್ನೆ ಎಲ್ಲ ಕಡೆ ಸೆಕ್ಷನ್ (ಪುಟದ ಒಂದು ವಿಭಾಗವನ್ನು ಗುರುತಿಸುವ ಟ್ಯಾಗ್) ತುಂಬಬೇಡಿ. ಜೋಡಣೆಗಷ್ಟೇ ಬೇಕಾದ ಹೊದಿಕೆಗೆ ಡಿವ್ ಸರಿ.

ಲೇಖನ, ಅರ್ಜಿ, ಮೆನು ಇರುವ ಪುಟಕ್ಕೆ ಅರ್ಥವಿರುವ ಟ್ಯಾಗ್ ಆರಿಸಿ. ಅಂಕಿಅಂಶಕ್ಕೆ ಟೇಬಲ್ಲೇ ಬೇಕು. ಇಮೇಲ್ ವಿನ್ಯಾಸಕ್ಕೂ ಟೇಬಲ್ ಉಪಯುಕ್ತ, ಏಕೆಂದರೆ ವಿಂಡೋಸ್‌ನ ಹಳೆಯ ಔಟ್‌ಲುಕ್ ಗ್ರಿಡ್ ತೋರಿಸುವುದಿಲ್ಲ. ಹೀಗೆ ಜೋಡಣೆಗೆ ಬಳಸಿದ ಟೇಬಲ್‌ಗೆ ರೋಲ್ ಪ್ರೆಸೆಂಟೇಶನ್ (ಇದು ಅಂಕಿಅಂಶದ ಟೇಬಲ್ ಅಲ್ಲ ಎಂದು ಸ್ಕ್ರೀನ್ ರೀಡರ್‌ಗೆ ತಿಳಿಸುವ ಗುರುತು) ಸೇರಿಸಿ.